ಹತ್ತು ಗಂಟೆಯ ಮಾತ್ರೆ ಹತ್ತಕ್ಕೇ

ಮೂರನೇ ಸೆಮ್ಮಿನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಐಡಿಯಾ ಕೊಡಿ ಅಂದಾಗ ನಾವು ನಾಲ್ಕು ಜನ ಕ್ಯಾಂಟೀನಿನಲ್ಲಿ ಕೂತು ಹತ್ತೇ ನಿಮಿಷದಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆವು: ನಡುಗುವ ಕೈಯಲ್ಲೂ ಸಾರು ಚೆಲ್ಲದ ಚಮಚ. ಒಂದು ಆಕ್ಸಿಲರೋಮೀಟರ್, ಎರಡು ಸಣ್ಣ ಸರ್ವೊ ಮೋಟಾರ್, ಒಂದು ಆರ್ಡುಯಿನೊ. ಕೈ ಎಡಕ್ಕೆ ನಡುಗಿದರೆ ಚಮಚ ಬಲಕ್ಕೆ ತಿರುಗಬೇಕು, ಅಷ್ಟೇ. ಯೂಟ್ಯೂಬಿನಲ್ಲಿ ಇಂಥವು ಬೇಕಾದಷ್ಟಿವೆ, ಮಾರ್ಕ್ಸ್ ಹೇಗೂ ಬರುತ್ತೆ ಅನ್ನೋ ಧೈರ್ಯ.

ನಮ್ಮಲ್ಲೊಬ್ಬಳ ತಾತನಿಗೆ ಪಾರ್ಕಿನ್ಸನ್ಸ್ ಕಾಯಿಲೆ ಇದೆ. ಹಾಸನದ ಕಡೆಯವರು, ಕೆಇಬಿಯಲ್ಲಿ ಮೀಟರ್ ರೀಡರ್ ಆಗಿದ್ದವರು. ಚಮಚ ತೋರಿಸಿ ಏನಂತಾರೆ ಕೇಳೋಣ ಅಂತ ಒಂದು ಭಾನುವಾರ ಬಸ್ ಹತ್ತಿದೆವು. ತಾತ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚೆನ್ನಾಗಿದೆ ಕಣ್ರೋ. ಆದ್ರೆ ನಡುಗೋದು ನಿಮ್ಮ ಕಣ್ಣಿಗೆ ಕಾಣುತ್ತೆ, ಅದಕ್ಕೆ ಅದೇ ದೊಡ್ಡದು ಅನ್ಸುತ್ತೆ. ನನ್ನ ಕಷ್ಟ ಅದಲ್ಲ. ಮಾತ್ರೆ ಇಳಿದಾಗ ಮಂಚದಿಂದ ಏಳಕ್ಕೇ ಆಗಲ್ಲ" ಅಂದರು.

ಆಮೇಲೆ ಅಜ್ಜಿ ಕಾಫಿ ತಂದು ಕೊಟ್ಟು, ಹಿಂದಿನ ವರ್ಷದ ಆಸ್ಪತ್ರೆ ಕಥೆ ಹೇಳಿದರು. ಆ ಕಥೆ ಕೇಳಿದ ಮೇಲೆ ನಮ್ಮ ಚಮಚ ಬ್ಯಾಗಿನೊಳಗೇ ಉಳಿಯಿತು. ಈ ಲೇಖನ ಬರೆಯೋಕೆ ಕಾರಣವೂ ಅದೇ.

ಆಸ್ಪತ್ರೆಯಲ್ಲಿ ಆದದ್ದು

ಮನೆಯಲ್ಲಿ ತಾತನ ಮಾತ್ರೆ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6. ಈ ನಾಲ್ಕು ಗಂಟೆ ಅಜ್ಜಿಗೆ ದೇವರ ದೀಪ ಹಚ್ಚಿದ ಹಾಗೆ, ತಪ್ಪೋದೇ ಇಲ್ಲ. ಹರ್ನಿಯಾ ಆಪರೇಷನ್‌ಗೆ ಅಂತ ತಾತನನ್ನು ಸೇರಿಸಿದಾಗ ಮಾತ್ರೆಗಳನ್ನು ವಾರ್ಡಿನ ನರ್ಸ್ ಕೈಗೆ ಕೊಟ್ಟರು. ಚೀಟಿಯಲ್ಲಿ "ದಿನಕ್ಕೆ ನಾಲ್ಕು ಸಲ" ಅಂತ ಇತ್ತು, ಗಂಟೆ ಬರೆದಿರಲಿಲ್ಲ.

ಆಪರೇಷನ್ ದಿನ ಬಾಯಿಗೆ ಏನೂ ಹಾಕಬಾರದು ಅಂದರು, ಎರಡು ಮಾತ್ರೆ ಹೋಯಿತು. ಮಾರನೇ ದಿನದಿಂದ ಎಲ್ಲ ರೋಗಿಗಳಿಗೂ ಔಷಧಿ ಕೊಡುವ ಹೊತ್ತಿಗೇ ತಾತನಿಗೂ ಕೊಟ್ಟರು: 9, 1, 5, 9. ಲೆಕ್ಕಕ್ಕೆ ನಾಲ್ಕೇ. ಆದರೆ ಎರಡನೇ ದಿನ ತಾತನಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸೋಕೆ ಆಗಲಿಲ್ಲ. ಮಾತು ಪಿಸುಗುಟ್ಟಿದ ಹಾಗಾಯಿತು, ಗಂಜಿ ಗಂಟಲಲ್ಲಿ ನಿಂತಿತು. "ವಯಸ್ಸಾಯ್ತಲ್ಲಮ್ಮ, ಆಪರೇಷನ್ ಸುಸ್ತು" ಅಂದರಂತೆ. "ಸುಸ್ತಲ್ಲ, ಆರು ಗಂಟೆ ಮಾತ್ರೆ ಬಿದ್ದಿಲ್ಲ" ಅಂತ ಅಜ್ಜಿ ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ಮೂರನೇ ದಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಸ್ಟೂಲ್ ಎಳೆದುಕೊಂಡು ಕೂತು, "ಮನೇಲಿ ಎಷ್ಟೆಷ್ಟು ಹೊತ್ತಿಗೆ ಕೊಡ್ತಿದ್ರಿ?" ಅಂತ ಕೇಳಿದರು. ಅವತ್ತಿನಿಂದ ಮತ್ತೆ 6, 10, 2, 6. ನಾಲ್ಕು ದಿನಕ್ಕೆ ಅಂತ ಹೋದವರು ಎಂಟು ದಿನ ಇದ್ದರು. ಕೋಲು ಹಿಡಿದು ಹೋದವರು ವಾಕರ್ ಹಿಡಿದು ಬಂದರು.

ಆ ವಾರ್ಡಿನಲ್ಲಿ ಯಾರೂ ಕೆಟ್ಟವರಿರಲಿಲ್ಲ. ಒಬ್ಬ ನರ್ಸ್‌ಗೆ ಅಷ್ಟು ಜನ ರೋಗಿಗಳು. ನಾಲ್ಕು ಮಾತ್ರೆ ಅಂದರೆ ನಾಲ್ಕು ಮಾತ್ರೆ, ಮೂರು ಗಂಟೆ ಆಚೀಚೆ ಆದರೆ ಏನಾಯ್ತು ಅಂತ ನಾವೂ ಅಂದುಕೊಳ್ಳುತ್ತಿದ್ದೆವು. ಏನಾಯ್ತು ಅನ್ನೋದನ್ನ ಅರ್ಥ ಮಾಡಿಕೊಳ್ಳೋಕೆ ನಮಗೆ ಒಂದು ತಿಂಗಳು ಬೇಕಾಯಿತು.

ಬಫರ್ ಖಾಲಿಯಾದಾಗ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರನ್ನು ಗಮನಿಸಿ ಈ ಕಾಯಿಲೆಯ ಬಗ್ಗೆ ಒಂದು ಪ್ರಬಂಧ ಬರೆದರು. ಅವರು ಹುಟ್ಟಿದ ಏಪ್ರಿಲ್ 11ನ್ನೇ ಈಗ ವಿಶ್ವ ಪಾರ್ಕಿನ್ಸನ್ಸ್ ದಿನ ಅಂತ ಆಚರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2019ರ ಹೊತ್ತಿಗೆ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಇತ್ತು.

ಮಿದುಳಿನ ಆಳದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ ಒಂದು ಪುಟ್ಟ ಜಾಗವಿದೆ. ಅಲ್ಲಿನ ನರಕೋಶಗಳು ಡೋಪಮಿನ್ ಅನ್ನೋ ರಾಸಾಯನಿಕ ತಯಾರಿಸುತ್ತವೆ. ನಾವು ಕೈ ಎತ್ತಬೇಕು, ಹೆಜ್ಜೆ ಇಡಬೇಕು ಅಂದುಕೊಂಡಾಗ ಅದು ಸಲೀಸಾಗಿ ನಡೆಯೋಕೆ ಡೋಪಮಿನ್ ಬೇಕು. ಪಾರ್ಕಿನ್ಸನ್ಸ್‌ನಲ್ಲಿ ಈ ಕೋಶಗಳು ನಿಧಾನವಾಗಿ ಸಾಯುತ್ತವೆ. ಚಲನೆ ನಿಧಾನವಾಗುತ್ತದೆ, ಸ್ನಾಯು ಬಿಗಿಯುತ್ತದೆ, ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆ. ತಾತನ ಕಾಯಿಲೆ ಮೊದಲು ಗೊತ್ತಾಗಿದ್ದೇ ಹಾಗೆ: ಪೆನ್ಷನ್ ತೆಗೆಯೋಕೆ ಹೋದಾಗ ಸಹಿ ತಾಳೆ ಆಗಲಿಲ್ಲ. ನಡುಕ ಬಹಳ ಜನಕ್ಕೆ ಇರುತ್ತೆ, ಎಲ್ಲರಿಗೂ ಇರಲ್ಲ. ಇದ್ದರೂ ಅದು ಸೆಕೆಂಡಿಗೆ ನಾಲ್ಕರಿಂದ ಆರು ಸಲ, ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟಾಗಲೇ ಜಾಸ್ತಿ. ಲೋಟ ಹಿಡಿಯಲು ಹೋದರೆ ಹಲವರಲ್ಲಿ ಕಡಿಮೆಯಾಗುತ್ತದೆ. ನಮ್ಮ ಚಮಚದ ಐಡಿಯಾ ಅಲ್ಲೇ ಅರ್ಧ ಬಿದ್ದುಹೋಯಿತು.

ಡೋಪಮಿನ್ ಕಡಿಮೆಯಾದರೆ ಡೋಪಮಿನ್ನೇ ನುಂಗಿದರಾಯ್ತು ಅಂದ್ರೆ ಆಗಲ್ಲ. ರಕ್ತದಿಂದ ಮಿದುಳಿಗೆ ಹೋಗುವ ಗೇಟಿನಲ್ಲಿ ಅದನ್ನು ಒಳಗೆ ಬಿಡೋದಿಲ್ಲ. ಅದರ ಹಿಂದಿನ ಹಂತದ ಲೆವೊಡೋಪಾ ಒಳಗೆ ಹೋಗುತ್ತೆ, ಹೋಗಿ ಡೋಪಮಿನ್ ಆಗುತ್ತೆ. ದಾರಿಯಲ್ಲೇ ಬದಲಾಗಿ ವಾಂತಿ ತರಿಸದಿರಲಿ ಅಂತ ಅದರ ಜೊತೆಗೆ ಕಾರ್ಬಿಡೋಪಾ ಸೇರಿಸುತ್ತಾರೆ. 1961ರಲ್ಲಿ ವಿಯೆನ್ನಾದಲ್ಲಿ ಮೊದಲು ಲೆವೊಡೋಪಾ ಇಂಜೆಕ್ಷನ್ ಕೊಟ್ಟು ನೋಡಿದರು, 1967ರಲ್ಲಿ ಜಾರ್ಜ್ ಕೊಟ್ಸಿಯಾಸ್ ಅದನ್ನು ಬಾಯಿಂದ ಹೆಚ್ಚಿನ ಪ್ರಮಾಣದಲ್ಲಿ ಕೊಡಬಹುದು ಅಂತ ತೋರಿಸಿದರು. ಇಂದಿಗೂ ಅದೇ ಮುಖ್ಯ ಔಷಧಿ. ಕಾಯಿಲೆಯನ್ನು ಅದು ವಾಸಿ ಮಾಡಲ್ಲ, ನಿಲ್ಲಿಸೋದೂ ಇಲ್ಲ. ಆದರೆ ಮನುಷ್ಯ ಎದ್ದು ಓಡಾಡುವ ಹಾಗೆ ಮಾಡುತ್ತೆ.

ಈಗ ನಮ್ಮ ಭಾಷೆಗೆ ಬರೋಣ. ರಕ್ತದಲ್ಲಿ ಲೆವೊಡೋಪಾದ ಅರ್ಧಾಯುಷ್ಯ ಸುಮಾರು ಒಂದೂವರೆ ಗಂಟೆ. ಕೆಪಾಸಿಟರ್ ಡಿಸ್ಚಾರ್ಜ್ ಗ್ರಾಫ್ ನೆನಪಿದೆ ತಾನೇ, ಅದೇ ಆಕಾರ. ಸರಳವಾಗಿ ಲೆಕ್ಕ ಹಾಕಿದರೆ, ನಾಲ್ಕು ಗಂಟೆ ಆದಾಗ ಶಿಖರದ ಮಟ್ಟದಲ್ಲಿ ಉಳಿಯೋದು ಶೇ. 16ರಷ್ಟು. ಮುಂದಿನ ಮಾತ್ರೆ ಇನ್ನೊಂದೂವರೆ ಗಂಟೆ ತಡವಾದರೆ ಶೇ. 8.

ಕಾಯಿಲೆಯ ಮೊದಲ ವರ್ಷಗಳಲ್ಲಿ ಇದು ಅಷ್ಟಾಗಿ ತಟ್ಟಲ್ಲ. ಉಳಿದಿರುವ ನರಕೋಶಗಳು ಬಂದ ಡೋಪಮಿನ್ನನ್ನು ಕೂಡಿಟ್ಟು ಸ್ವಲ್ಪ ಸ್ವಲ್ಪ ಬಿಡುತ್ತವೆ. ನೆಟ್ ಕಟ್ಟಾದರೂ ವಿಡಿಯೋ ಸ್ವಲ್ಪ ಹೊತ್ತು ಓಡುತ್ತಲ್ಲ, ಹಾಗೆ. ವರ್ಷ ಕಳೆದಂತೆ ಕೋಶಗಳು ಕಮ್ಮಿಯಾಗುತ್ತವೆ, ಬಫರ್ ಚಿಕ್ಕದಾಗುತ್ತದೆ. ಕೊನೆಗೆ ಶರೀರ ಮಾತ್ರೆಯ ಜೊತೆಗೇ ಏರಿ ಮಾತ್ರೆಯ ಜೊತೆಗೇ ಇಳಿಯುತ್ತದೆ. ತಾತ "ಮಾತ್ರೆ ಇಳಿದಾಗ" ಅಂದಿದ್ದು ಇದನ್ನೇ. ಡಾಕ್ಟರುಗಳು ಇದನ್ನು ಆನ್ ಮತ್ತು ಆಫ್ ಅಂತಲೇ ಕರೆಯುತ್ತಾರೆ.

ರಿಯಲ್ ಟೈಮ್ ಸಿಸ್ಟಮ್ ಬಗ್ಗೆ ಕ್ಲಾಸಿನಲ್ಲಿ ಒಂದು ಮಾತು ಹೇಳಿಕೊಡುತ್ತಾರೆ: ಡೆಡ್‌ಲೈನ್ ಮುಗಿದ ಮೇಲೆ ಬಂದ ಸರಿಯುತ್ತರವೂ ತಪ್ಪೇ. ತಾತನ ಮಾತ್ರೆಯ ವಿಷಯ ಹಾಗೆಯೇ ಇತ್ತು.

ಆರೈಕೆಗೂ ಒಂದು ಕೋಡ್

ಸಿವಿಲ್‌ನವರು ಐಎಸ್ 456 ಇಲ್ಲದೆ ಒಂದು ಬೀಮ್ ಡಿಸೈನ್ ಮಾಡಲ್ಲ. ಹೆಲ್ಮೆಟ್‌ಗೆ ಐಎಸ್‌ಐ ಮಾರ್ಕ್ ಇದೆ. ಹಾಗೇ ರೋಗಿಯ ಆರೈಕೆಗೂ ಮಾನದಂಡ ಇರುತ್ತಾ? ನಾವು ಹುಡುಕಿದಾಗ ಸ್ಪಷ್ಟವಾಗಿ ಸಿಕ್ಕಿದ್ದು ಇಂಗ್ಲೆಂಡಿನದು. ಅಲ್ಲಿ ನೈಸ್ ಅನ್ನೋ ಸರ್ಕಾರಿ ಸಂಸ್ಥೆ 2017ರಲ್ಲಿ ಪಾರ್ಕಿನ್ಸನ್ಸ್‌ಗೆ ಮಾರ್ಗಸೂಚಿ ಹೊರತಂದಿತು. 2018ರಲ್ಲಿ ಅದರಿಂದ ಐದು ವಾಕ್ಯಗಳ ಗುಣಮಟ್ಟದ ಪಟ್ಟಿ ಮಾಡಿತು. ಐದೇ ವಾಕ್ಯ, ಆದರೆ ಒಂದೊಂದರ ಹಿಂದೆಯೂ ಯಾರದೋ ಮನೆಯ ಕಷ್ಟ ಇದೆ ಅಂತ ಓದಿದಾಗ ಅನ್ನಿಸುತ್ತೆ. ನಮ್ಮ ಮಾತಿನಲ್ಲಿ ಹೇಳೋದಾದರೆ:

ಒಂದು, ರೋಗಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರಬೇಕು. ಪಾರ್ಕಿನ್ಸನ್ಸ್ ತಿಳಿದ ಸೇವೆಯಲ್ಲಿ ಸಂಪರ್ಕಕ್ಕೆ ಒಬ್ಬರು ಬೇಕು. ಬಹಳ ಕಡೆ ಇದಕ್ಕೇ ತರಬೇತಿಯಾದ ನರ್ಸ್ ಇರುತ್ತಾರೆ. ಮುಂದಿನ ಅಪಾಯಿಂಟ್‌ಮೆಂಟ್ ಆರು ತಿಂಗಳಿಗಿದ್ದರೆ, ನಡುವೆ ತೊಂದರೆಯಾದಾಗ ಯಾರನ್ನು ಕೇಳೋದು? ಅದಕ್ಕೆ ಉತ್ತರ ಇದು.

ಎರಡು, ಕೆಲವು ಔಷಧಿಗಳಿಂದ, ಮುಖ್ಯವಾಗಿ ಡೋಪಮಿನ್ನನ್ನು ಅನುಕರಿಸುವ ಮಾತ್ರೆಗಳಿಂದ, ಕೆಲವರಿಗೆ ತಡೆಯಲಾಗದ ಚಟ ಹತ್ತಬಹುದು: ಜೂಜು, ಸಿಕ್ಕಾಪಟ್ಟೆ ಖರೀದಿ, ಅತಿಯಾಗಿ ತಿನ್ನೋದು, ಅತಿಯಾದ ಲೈಂಗಿಕ ಆಸಕ್ತಿ. ಈ ಮಾತನ್ನು ಮೊದಲೇ ಹೇಳಿರಬೇಕು. ಅರವತ್ತು ದಾಟಿದ ಅಪ್ಪ ದಿಢೀರಂತ ಮೊಬೈಲಿನಲ್ಲಿ ರಮ್ಮಿ ಆಡಿ ದುಡ್ಡು ಕಳೆದರೆ ಮನೆಯವರು ಅವರ ಗುಣವನ್ನು ಬೈಯುತ್ತಾರೆ. ಕಾರಣ ಮಾತ್ರೆ ಇರಬಹುದು ಅಂತ ಗೊತ್ತಿದ್ದರೆ ಡಾಕ್ಟರ ಹತ್ತಿರ ಹೋಗುತ್ತಾರೆ.

ಮೂರು, ಬ್ಯಾಲೆನ್ಸ್, ನಡಿಗೆ, ದಿನನಿತ್ಯದ ಕೆಲಸ, ಮಾತು, ನುಂಗುವಿಕೆ ಇವುಗಳಲ್ಲಿ ತೊಂದರೆ ಶುರುವಾದರೆ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಅಥವಾ ಸ್ಪೀಚ್ ಥೆರಪಿಗೆ ಕಳಿಸಬೇಕು. ಮಾತ್ರೆಯೊಂದರಿಂದಲೇ ಎಲ್ಲ ಆಗಲ್ಲ. ನುಂಗೋದು ತಪ್ಪಿದರೆ ಅನ್ನ ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಅದಕ್ಕೇ ಮೇಲುಮೇಲೆ ಸಣ್ಣದು ಅನ್ನಿಸುವ ಕೆಮ್ಮನ್ನೂ ಹೇಳಬೇಕು.

ನಾಲ್ಕು, ಆಸ್ಪತ್ರೆಯಲ್ಲಾಗಲಿ ವೃದ್ಧರ ಆರೈಕೆ ಕೇಂದ್ರದಲ್ಲಾಗಲಿ ಇರುವವರಿಗೆ ಲೆವೊಡೋಪಾ ಅವರವರಿಗೆ ಬರೆದುಕೊಟ್ಟ ಹೊತ್ತಿನಿಂದ 30 ನಿಮಿಷದೊಳಗೆ ಸಿಗಬೇಕು. ವಾರ್ಡಿನ ಹೊತ್ತಿಗಲ್ಲ, ರೋಗಿಯ ಹೊತ್ತಿಗೆ.

ಐದು, ಇಲ್ಲದ್ದು ಕಾಣುವುದು, ಇಲ್ಲದ್ದನ್ನು ನಂಬುವುದು ಶುರುವಾದರೆ ಅಗತ್ಯ ಇರುವವರಿಗೆ ಕ್ಲೋಜಪಿನ್ ಸಿಗುವ ವ್ಯವಸ್ಥೆ ಇರಬೇಕು. ಮಾನಸಿಕ ಕಾಯಿಲೆಗೆ ಕೊಡುವ ಬಹಳಷ್ಟು ಔಷಧಿಗಳು ಡೋಪಮಿನ್ನನ್ನೇ ತಡೆಯುತ್ತವೆ, ಪಾರ್ಕಿನ್ಸನ್ಸ್ ಇರುವವರನ್ನು ಇನ್ನಷ್ಟು ಬಿಗಿಯಾಗಿಸುತ್ತವೆ. ಕ್ಲೋಜಪಿನ್ ಹಾಗೆ ಮಾಡೋದು ಬಹಳ ಕಡಿಮೆ. ಆದರೆ ಬಿಳಿ ರಕ್ತಕಣ ಇಳಿಯದಂತೆ ನೋಡಿಕೊಳ್ಳೋಕೆ ಆಗಾಗ ರಕ್ತಪರೀಕ್ಷೆ ಬೇಕು. ಅದಕ್ಕೇ ವ್ಯವಸ್ಥೆ ಅನ್ನೋ ಮಾತು.

ನಾಲ್ಕನೇ ವಾಕ್ಯ ಓದಿದಾಗ ನಮ್ಮ ಗೆಳತಿ ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿ ಏನೂ ಮಾತಾಡಲಿಲ್ಲ. ಮೂರು ಗಂಟೆ ತಡ ಅನ್ನೋದು ಅವರ ಮನೆಯಲ್ಲಿ ಅಜ್ಜಿಯ ಗೊಣಗಾಟ ಅನ್ನಿಸಿಕೊಂಡಿತ್ತು. ಇಲ್ಲಿ 30 ನಿಮಿಷ ದಾಟಿದರೇ ಗುಣಮಟ್ಟ ತಪ್ಪಿತು ಅಂತ ಬರೆದಿದ್ದಾರೆ. ಬ್ರಿಟನ್ನಿನ ರೋಗಿಗಳ ಪರವಾದ ಸಂಸ್ಥೆ ಪಾರ್ಕಿನ್ಸನ್ಸ್ ಯುಕೆ ಇದಕ್ಕಾಗಿಯೇ "ಗೆಟ್ ಇಟ್ ಆನ್ ಟೈಮ್" ಅನ್ನೋ ಅಭಿಯಾನ ನಡೆಸಿದೆ. ಅಂದರೆ ಮಾನದಂಡ ಬರೆದ ಊರಿನಲ್ಲೂ ಹೊತ್ತು ತಪ್ಪುತ್ತೆ. ಆದರೆ ತಪ್ಪಿದಾಗ ತೋರಿಸೋಕೆ ಅವರ ಕೈಯಲ್ಲಿ ಒಂದು ಹಾಳೆ ಇದೆ.

ಗೊತ್ತಿರಬೇಕಾದ ಇನ್ನಷ್ಟು

ಈ ಮಾತ್ರೆಯನ್ನು ದಿಢೀರ್ ನಿಲ್ಲಿಸಬಾರದು. ನಿಲ್ಲಿಸಿದರೆ ಶರೀರ ಪೂರ್ತಿ ಬಿಗಿದು, ಜ್ವರ ಏರಿ, ಪ್ರಾಣಕ್ಕೇ ಬರುವ ಸ್ಥಿತಿ ಉಂಟಾಗಬಹುದು. ಆಪರೇಷನ್‌ಗೆ ಉಪವಾಸ ಇರಬೇಕಾದರೆ ಮಾತ್ರೆ ಏನು ಮಾಡೋದು ಅಂತ ಮೊದಲೇ ಸರ್ಜನ್ ಮತ್ತು ಅರಿವಳಿಕೆ ಡಾಕ್ಟರ ಹತ್ತಿರ ಕೇಳಬೇಕು. ನುಂಗೋಕೆ ಆಗದವರಿಗೆ ಮೂಗಿನ ನಳಿಕೆಯಿಂದ ಕೊಡುವುದು, ಚರ್ಮಕ್ಕೆ ಅಂಟಿಸುವ ಪ್ಯಾಚ್ ಹೀಗೆ ದಾರಿಗಳಿವೆ.

ವಾಂತಿಗೆ ಕೊಡುವ ಔಷಧಿಗಳಲ್ಲಿ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಇವರಿಗೆ ಆಗಲ್ಲ. ಅವು ಮಿದುಳಿನೊಳಗೆ ಹೋಗಿ ಡೋಪಮಿನ್ ಕೂರುವ ಜಾಗವನ್ನೇ ಹಿಡಿದುಬಿಡುತ್ತವೆ. ಆಪರೇಷನ್ ಆದಮೇಲೆ ತಾತನಿಗೂ ವಾಂತಿಗೆ ಇಂಜೆಕ್ಷನ್ ಕೊಟ್ಟಿದ್ದರಂತೆ. ಯಾವುದು ಅಂತ ಅಜ್ಜಿ ಕೇಳಿರಲಿಲ್ಲ, ಕೇಳಬೇಕು ಅಂತ ಗೊತ್ತಿದ್ದರೆ ತಾನೇ.

ಊಟದ ಹೊತ್ತೂ ಮುಖ್ಯ. ಪ್ರೋಟೀನ್ ಕರಗಿ ಬರುವ ಅಮೈನೋ ಆಮ್ಲಗಳೂ ಲೆವೊಡೋಪಾವೂ ಒಂದೇ ಗೇಟಿಗೆ ಕ್ಯೂ ನಿಲ್ಲುತ್ತವೆ. ಮೊಟ್ಟೆ, ಹುರುಳಿ ಸಾರು, ಹಾಲು ಹೆಚ್ಚಾಗಿ ಹೊಟ್ಟೆಯಲ್ಲಿದ್ದರೆ ಮಾತ್ರೆ ಹಿಂದೆ ಬೀಳುತ್ತದೆ. ಅದಕ್ಕೇ ಹಲವರಿಗೆ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ತೊಗೊಳ್ಳಿ ಅಂತಾರೆ. ಪ್ರೋಟೀನ್ ಬಿಡಬೇಕು ಅಂತಲ್ಲ, ಹೊತ್ತು ಹೊಂದಿಸಬೇಕು ಅಷ್ಟೇ.

ಇಸಿಯವರು ಕೇಳುವ ಪ್ರಶ್ನೆ ನಮಗೂ ಬಂತು: ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಇದೆಯಲ್ಲ? ಇದೆ. ಮಿದುಳಿನೊಳಗೆ ತೆಳು ಎಲೆಕ್ಟ್ರೋಡ್, ಎದೆಯ ಮೇಲ್ಭಾಗದ ಚರ್ಮದಡಿ ಬ್ಯಾಟರಿ ಇರುವ ಪಲ್ಸ್ ಜನರೇಟರ್, ಸಾಮಾನ್ಯವಾಗಿ 130 ಹರ್ಟ್ಜ್ ಆಸುಪಾಸು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ ಮತ್ತು ಸಂಗಡಿಗರು ಇದಕ್ಕೆ ದಾರಿ ಹಾಕಿದರು. ಸರಿಯಾಗಿ ಆರಿಸಿದ ರೋಗಿಗಳಿಗೆ ಅದ್ಭುತ ಉಪಯೋಗ. ಆದರೆ ಎಲ್ಲರಿಗೂ ಹೊಂದಲ್ಲ, ಕಾಯಿಲೆ ಮುಂದುವರಿಯೋದನ್ನು ತಡೆಯಲ್ಲ, ಮತ್ತೆ ಆಮೇಲೂ ಬಹಳ ಜನ ಮಾತ್ರೆ ತೊಗೊಳ್ಳಲೇಬೇಕು.

ನಮ್ಮ ಕಡೆ

ಇಂಗ್ಲೆಂಡಿನ ಮಾನದಂಡ ನಮ್ಮ ಆಸ್ಪತ್ರೆಗಳಿಗೆ ಕಾನೂನಲ್ಲ. ಆದರೆ ಅರ್ಧಾಯುಷ್ಯ ಲಂಡನ್ನಿನಲ್ಲೂ ಹಾಸನದಲ್ಲೂ ಒಂದೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಲನೆಯ ಕಾಯಿಲೆಗಳ ತಜ್ಞರಿದ್ದಾರೆ, ಕರ್ನಾಟಕದ ಎಲ್ಲ ಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ. ತೊಂದರೆ ಏನಂದ್ರೆ, ಹಲ್ಲು ನೋವಿಗೋ, ಮೂಳೆ ಮುರಿತಕ್ಕೋ ನಾವು ಸೇರುವುದು ನಮ್ಮೂರಿನ ಆಸ್ಪತ್ರೆಗೆ. ಹೊತ್ತು ತಪ್ಪುವುದು ಅಲ್ಲಿ.

ಇನ್ನೊಂದು ನಮ್ಮೂರಿನ ವಿಷಯ. ಹೊಲದ ಬೇಲಿಯ ನಸುಗುನ್ನಿ ಕಾಯಿ ಮೈಗೆ ತಾಗಿದರೆ ತುರಿಕೆ ಅಂತ ಹಳ್ಳಿ ಕಡೆಯವರಿಗೆ ಗೊತ್ತು. ಅದರ ಬೀಜದಲ್ಲಿ ಲೆವೊಡೋಪಾ ಇದೆ. 1937ರಲ್ಲೇ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು. ಆಯುರ್ವೇದದಲ್ಲಿ ಕಂಪವಾತಕ್ಕೆ ಈ ಬೀಜ ಬಳಸುತ್ತಾರೆ. ಇದನ್ನು ಓದಿ ಖುಷಿಯಾದರೂ ಒಂದು ಎಚ್ಚರ: ಪುಡಿಯಲ್ಲಿ ಎಷ್ಟು ಲೆವೊಡೋಪಾ ಇದೆ ಅನ್ನೋದು ಬೀಜದಿಂದ ಬೀಜಕ್ಕೆ ಬೇರೆ. ಮಾತ್ರೆಯ ಜೊತೆ ಡಾಕ್ಟರಿಗೆ ಹೇಳದೆ ಸೇರಿಸಿದರೆ ಡೋಸ್ ಲೆಕ್ಕವೇ ಕೆಡುತ್ತದೆ.

ಚಮಚ ಹೋಗಿ ಡಬ್ಬಿ ಬಂತು

ಕೊನೆಗೆ ನಾವು ಮಾಡಿದ್ದು ನಾಲ್ಕು ಖಾನೆಯ ಮಾತ್ರೆ ಡಬ್ಬಿ. ಪ್ರತಿ ಖಾನೆಗೂ ಅವರವರದೇ ಹೊತ್ತು ಹಾಕಬಹುದು. ಹೊತ್ತಾದರೆ ದೀಪ, ಶಬ್ದ. ತೆಗೆದರೆ ಸಮಯ ದಾಖಲಾಗುತ್ತೆ. ಮೊದಲ ಡಬ್ಬಿಯ ಮುಚ್ಚಳ ನಾವು ಎಷ್ಟು ಟೈಟಾಗಿ ಮಾಡಿದ್ದೆವೆಂದರೆ, ತಾತನ ಬೆರಳಿಗೆ ಅದು ಬಗ್ಗಲೇ ಇಲ್ಲ. ಮಾತ್ರೆ ಇಳಿದ ಹೊತ್ತಿನಲ್ಲೇ ಅಲ್ಲವೇ ಅವರು ಅದನ್ನು ತೆಗೆಯಬೇಕಾದ್ದು! ಎರಡನೆಯದಕ್ಕೆ ಮುಚ್ಚಳ ಬಿಟ್ಟು ದೊಡ್ಡ ಹಿಡಿಯ ಡ್ರಾಯರ್ ಇಟ್ಟೆವು.

ಅದರ ಜೊತೆಗೆ ಒಂದು ಹಾಳೆ. ಎ4, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಮೇಲೆ ದಪ್ಪಕ್ಷರದಲ್ಲಿ "ಇವರಿಗೆ ಪಾರ್ಕಿನ್ಸನ್ಸ್ ಇದೆ, ಮಾತ್ರೆ ಹೊತ್ತು ತಪ್ಪಬಾರದು." ಕೆಳಗೆ ಮಾತ್ರೆಯ ಹೆಸರು, ಪ್ರಮಾಣ, ಗಂಟೆಗಳು. ಕೊಡಬಾರದ ಔಷಧಿಗಳು. ನೋಡುವ ನ್ಯೂರಾಲಜಿಸ್ಟ್ ನಂಬರ್. ಮಾತ್ರೆ ಇಳಿದಾಗ ಹೇಗಿರುತ್ತಾರೆ, ಏರಿದಾಗ ಹೇಗಿರುತ್ತಾರೆ ಅಂತ ಎರಡು ಸಾಲು. ಇದನ್ನು ತುಂಬಿಸಿ ತಾತನನ್ನು ನೋಡುವ ಡಾಕ್ಟರಿಗೆ ತೋರಿಸಿ ಸಹಿ ಹಾಕಿಸಿದೆವು. ರೋಗಿಯೋ ಮನೆಯವರೋ ಮಾತ್ರೆಯನ್ನು ತಾವೇ ಇಟ್ಟುಕೊಂಡು ಹೊತ್ತಿಗೆ ತೊಗೊಳ್ಳಬಹುದಾ ಅಂತ ಸೇರಿದ ದಿನವೇ ಕೇಳಬೇಕು ಅನ್ನೋ ಸಾಲೂ ಇದೆ. ನೈಸ್ ಮಾರ್ಗಸೂಚಿಯಲ್ಲೂ ಆ ದಾರಿ ತೆರೆದಿಟ್ಟಿದ್ದಾರೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಡಬ್ಬಿ ನೋಡಿ, ಹಾಳೆ ನೋಡಿ, "ಇದರಲ್ಲಿ ಎಂಜಿನಿಯರಿಂಗ್ ಎಲ್ಲಿದೆ?" ಅಂತ ಕೇಳಿದರು. ಡಿಸ್ಚಾರ್ಜ್ ಗ್ರಾಫ್ ಬರೆದು, ಆ ಎರಡನೇ ದಿನವನ್ನು ಗ್ರಾಫಿನ ಮೇಲೆ ಗುರುತು ಮಾಡಿ ತೋರಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹಾಳೆಯ ಒಂದು ಕಾಪಿ ಕೇಳಿದರು, ತಮ್ಮ ಅತ್ತೆಗೆ ಅಂತ.

ಹಾಳೆಯ ಖಾಲಿ ಪ್ರತಿಗಳನ್ನು ಕನ್ನಡ ಸಂಘದ ರೂಮಿನಲ್ಲಿಟ್ಟಿದ್ದೀವಿ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಯಾರಿಗಾದರೂ ಬೇಕಿದ್ದರೆ ತೊಗೊಂಡು ಹೋಗಿ. ಈ ಸಲ ಊರಿಗೆ ಹೋದಾಗ ಅವರ ಮಾತ್ರೆ ಎಷ್ಟು ಅಂತ ಕೇಳೋದರ ಜೊತೆಗೆ ಎಷ್ಟೆಷ್ಟು ಹೊತ್ತಿಗೆ ಅಂತಲೂ ಕೇಳಿ, ಬರೆದಿಡಿ.

ಅಜ್ಜಿ ತಾತನ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿದ್ದಾರೆ. ಆಧಾರ್ ಕಾರ್ಡ್, ಪೆನ್ಷನ್ ಬುಕ್ ಇರುವ ಪ್ಲಾಸ್ಟಿಕ್ ಕವರಿನಲ್ಲೇ ಅದೂ ಇದೆ, ಎಲ್ಲದಕ್ಕಿಂತ ಮೇಲೆ.